ಸುಣ್ಣದ ಗುಳಿಗೆಯೆಂಬ ಅಪವಾದ

ನನ್ನ ಅಕ್ಕ ಸುಣ್ಣವನ್ನು ಒಣಗಿಸಿ ಗುಳಿಗೆಯೆಂದು ಮಾರುತ್ತಾಳೆ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಸುರಪುರದ ಬಸ್ ನಿಲ್ದಾಣದಲ್ಲಿ. ಹೇಳಿದವಳು ನನಗೆ ಪರಿಚಯವೇ ಇಲ್ಲದ ಹೆಂಗಸು. ಬಾಳೆಹಣ್ಣು ಸುಲಿಯುತ್ತ ಪಕ್ಕದಲ್ಲಿ ಕುಳಿತಿದ್ದಳು. ಯಾವ ಊರಿಗೆ ಹೊರಟಿದ್ದೀರಿ ಎಂದು ಕೇಳಿದಳು. ಕಕ್ಕೇರಾ ಕಡೆಗೆ ಎಂದೆ.

"ಅಲ್ಲಿ ಕೆನಾಲ ಪೂಲಿನ ಬಾಜೂ ಒಂದು ದುಕಾನ ಅದ. ಬೇಕಾದ್ದು ತಗೋರ್ರಿ, ಗುಳಿಗಿ ಮಾತ್ರ ತಗೋಬ್ಯಾಡ್ರಿ. ಆಕಿ ಸುಣ್ಣ ಒಣಗಿಸಿ ಮಾರ್ತಾಳ."

"ಆಕಿ ನಮ್ಮ ಅಕ್ಕ" ಎಂದೆ.

"ಹಂಗಾದ್ರ ನಿಮಗ ಗೊತ್ತ ಇರಬೇಕಲ್ಲ" ಎಂದು ಸಿಪ್ಪೆಯನ್ನು ನನ್ನ ಚಪ್ಪಲಿಯ ಹತ್ತಿರ ಎಸೆದು, ಶಹಾಪುರದ ಬಸ್ಸು ಹತ್ತಿ ಹೋದಳು.

ಆ ಹೆಂಗಸಿನ ಮೂಗುತಿಯಲ್ಲಿ ಕಲ್ಲು ಬಿದ್ದುಹೋಗಿದ್ದ ಜಾಗ ಎಡಗಡೆಗಿತ್ತು. ನನಗೆ ಮರೆವು ಕಡಿಮೆ. ಅದನ್ನು ಕೆಲವರು ಗುಣವೆನ್ನುತ್ತಾರೆ, ನಮ್ಮ ಮನೆಯವರು ರೋಗವೆನ್ನುತ್ತಾರೆ. ಈಗ ವಯಸ್ಸಾದ ಮೇಲೂ ಆ ರೋಗ ವಾಸಿಯಾಗಿಲ್ಲವಾದ್ದರಿಂದ, ಅಂದಿನ ಸಂಗತಿಯನ್ನು ಯಾರು ಏನು ಅಂದರೆಂಬುದರ ಸಮೇತ ಬರೆದಿಡಬಲ್ಲೆ.

ಆಗ ನಾನು ಶಹಾಪುರದ ಜೂನಿಯರ್ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ವಿಜ್ಞಾನ ವಿಭಾಗದಲ್ಲಿ ಇದ್ದ ಹೆಂಗಸು ನಾನೊಬ್ಬಳೇ. ಕೆಲಸಕ್ಕೆ ಹಾಜರಾದ ದಿನ ಅಲ್ಲಿನ ಗುಮಾಸ್ತರು ನನ್ನ ಆದೇಶವನ್ನು ಓದದೆಯೇ, ಹೊಲಿಗೆ ತರಗತಿ ಹಿಂದಿನ ಕಟ್ಟಡದಲ್ಲಿದೆ ಎಂದು ದಾರಿ ತೋರಿಸಿದ್ದರು. ಇತಿಹಾಸ ಕಲಿಸುತ್ತಿದ್ದ ಪ್ರಾಂಶುಪಾಲರು ಪ್ರಯೋಗಾಲಯವನ್ನು ನನ್ನೆದುರಿಗೆ "ನಿಮ್ಮ ಅಡಿಗಿಮನಿ" ಎಂದಲ್ಲದೆ ಬೇರೆ ಹೆಸರಿನಿಂದ ಕರೆದವರಲ್ಲ. ಇನ್ನು ಅಕ್ಕನ ಗಂಡ, ಅಂದರೆ ನಮ್ಮ ಮಾಮಾ, ನನಗೆ ನೌಕರಿ ಸಿಕ್ಕ ಸುದ್ದಿ ಕೇಳಿ ತುಂಬಿದ ಪಡಸಾಲೆಯಲ್ಲಿ, "ಬಣ್ಣದ ನೀರು ಕಲಸಾಕ ಸರಕಾರ ಪಗಾರ ಕೊಡ್ತದಂತ ಈಗ ಗೊತ್ತಾತು ನೋಡ್ರಿ" ಎಂದು ಎಲ್ಲರನ್ನೂ ನಗಿಸಿದ್ದರು. ಆ ನಗೆಯಲ್ಲಿ ನಮ್ಮ ತಂದೆಯೂ ಸೇರಿಕೊಂಡಿದ್ದರು ಎಂಬುದನ್ನು ನಾನು ಬೇಕೆಂದೇ ಇಲ್ಲಿ ದಾಖಲಿಸುತ್ತಿದ್ದೇನೆ.

ಕಾಲುವೆಗೆ ನೀರು ಬಿಟ್ಟು ಕೆಲವು ವರ್ಷಗಳಾಗಿದ್ದ ಕಾಲ ಅದು. ಅದಕ್ಕೂ ಮೊದಲು ಅಕ್ಕನ ಊರಿನ ಹೆಂಗಸರಿಗೆ ಗೊತ್ತಿದ್ದುದು ಜೋಳ, ತೊಗರಿ, ಸೇಂಗಾ. ಒಣ ನೆಲದಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಮಾತಾಡುತ್ತ, ಒಬ್ಬರನ್ನೊಬ್ಬರು ಆಡಿಕೊಳ್ಳುತ್ತ ಕಳೆ ತೆಗೆಯುವ ಕೆಲಸ. ನೀರು ಬಂತು, ನೆಲ್ಲು ಬಂತು. ಅದರ ಜೊತೆಗೆ ಮೊಣಕಾಲ ಕೆಸರಿನಲ್ಲಿ ನಿಂತು, ಸೊಂಟವನ್ನು ಎರಡಾಗಿ ಮಡಚಿ, ಬದುವಿನಿಂದ ಬದುವಿನವರೆಗೆ ಹಿಂದೆ ಸರಿಯುತ್ತ ಸಸಿ ಹಚ್ಚುವ ಕೆಲಸವೂ ಬಂತು. ಕೈತುಂಬ ಕೂಲಿ ಬಂತೆಂದು ಎಲ್ಲರೂ ಹಿಗ್ಗಿದರು. ಸೊಂಟಗಳು ಮಾತ್ರ ಹಿಗ್ಗಲಿಲ್ಲ. ಹೀಗೆ ಆ ಸೀಮೆಯಲ್ಲಿ ಬಿಳಿಯ ನೋವಿನ ಗುಳಿಗೆ, ಅಂದರೆ ಆ್ಯಸ್ಪಿರಿನ್, ಬೆಲ್ಲ ಉಪ್ಪಿನ ಜೊತೆ ಕಿರಾಣಿ ಅಂಗಡಿಯ ಸಾಮಾನಾಗಿಬಿಟ್ಟಿತು.

ಅಕ್ಕ ಮೊದಲ ಹಂಗಾಮುಗಳಲ್ಲಿ ತಾನೂ ನಾಟಿಯ ಹೆಂಗಸರ ಗುಂಪಿನಲ್ಲಿ ಸಸಿ ಹಚ್ಚಿದವಳು. ಬೆನ್ನು ಕೈಕೊಟ್ಟ ಮೇಲೆ ಕಾಲುವೆಯ ಪೂಲಿನ, ಅಂದರೆ ಸೇತುವೆಯ, ಪಕ್ಕದಲ್ಲಿ ತಗಡಿನ ಅಂಗಡಿಯೊಂದನ್ನು ಇಟ್ಟುಕೊಂಡಳು. ಗದ್ದೆಗೆ ಹೋಗುವ ಹೆಂಗಸರೆಲ್ಲ ಅವಳ ಕಲ್ಲಿನ ಕಟ್ಟೆಯ ಮೇಲೆ ಕುಳಿತು, ಚಹಾ ಕುಡಿದು, ಎಲೆ ಅಡಿಕೆ ಕಟ್ಟಿಸಿಕೊಂಡು, ಗುಳಿಗೆಯ ಪಟ್ಟಿ ಕೊಂಡು ಮುಂದೆ ಹೋಗುತ್ತಿದ್ದರು. ಆ ಕಟ್ಟೆಯ ಗದ್ದಲ ಪೂಲಿನ ಆಚೆಗೂ ಕೇಳುತ್ತಿತ್ತು.

ನಾನು ಬಸ್ಸಿಳಿದು ಹೋದಾಗ ಕಟ್ಟೆ ಖಾಲಿಯಿತ್ತು. ಬೆಳಗಿನ ಹೊತ್ತು, ನಾಟಿಯ ದಿನಗಳು, ಆದರೂ ಖಾಲಿಯಿತ್ತು. ಅಕ್ಕ ಬಿಸ್ಕತ್ತಿನ ಗಾಜಿನ ಭರಣಿಗಳನ್ನು ಒರೆಸುತ್ತ ಕುಳಿತಿದ್ದಳು. ಅವು ಆಗಲೇ ಥಳಥಳಿಸುತ್ತಿದ್ದವು.

"ಬಾ ತಂಗಿ" ಎಂದಳು. "ಚಾ ಮಾಡ್ಲಿ? ಸಕ್ಕರಿ ಹಾಕಿ ಮಾಡ್ಲೋ, ಸುಣ್ಣ ಹಾಕಿ ಮಾಡ್ಲೋ?"

"ಸುರಪುರದಾಗ ಕೇಳಿದೆ" ಎಂದೆ.

"ಸುರಪುರತನಕ ಹೋಗ್ಯಾದೇನು? ಛಲೋ ಆತು. ನಾ ಹೋಗಲಾರದ ಊರಿಗೆಲ್ಲ ನನ್ನ ಹೆಸರರೆ ಹೋಗ್ಲಿ."

ಅವಳು ನಗುತ್ತಿದ್ದಳು, ಆದರೆ ಭರಣಿ ಒರೆಸುವ ಕೈ ನಿಲ್ಲಲಿಲ್ಲ. ಆಮೇಲೆ ಎಲ್ಲವನ್ನೂ ಹೇಳಿದಳು. ಗುಳಿಗೆ ಸುಣ್ಣದ ರುಚಿ ಬರುತ್ತದೆ, ಹೊಟ್ಟೆ ಉರಿಯುತ್ತದೆ, ನೋವು ಇದ್ದಲ್ಲಿಯೇ ಇರುತ್ತದೆ ಎಂದು ಒಬ್ಬಳು ಹೇಳಿದಳಂತೆ. ಮರುದಿನ ಹತ್ತು ಬಾಯಿಗಳು ಹೇಳಿದವಂತೆ. ಕೊನೆಗೆ ನಾಟಿಯ ಗುಂಪಿನ ಮುಂದಾಳು ಹೆಂಗಸು, ಅಕ್ಕನ ಜೊತೆಯಲ್ಲೇ ಒಂದು ಕಾಲಕ್ಕೆ ಸಸಿ ಹಚ್ಚಿದವಳು, ಒಂದು ಹಿಡಿ ಗುಳಿಗೆಗಳನ್ನು ಅಂಗಡಿಯ ಹಲಗೆಯ ಮೇಲೆ ಸುರಿದು, "ತಗೋಳವ್ವ ನಿನ್ನ ಸುಣ್ಣ. ಎಲಿಗೆ ಹಚ್ಚಾಕ ನಮ್ಮ ಕಡಿ ಬ್ಯಾರೆ ಅದ" ಎಂದು ಹೋಗಿಬಿಟ್ಟಿದ್ದಳು. ಅಂದಿನಿಂದ ಗುಂಪು ಆ ಕಟ್ಟೆಯತ್ತ ತಿರುಗಿ ನೋಡಿರಲಿಲ್ಲ. ಗುಳಿಗೆ ಬೇಡವೆಂದವರು ಉಪ್ಪೂ ಬೇಡವೆಂದಿದ್ದರು. ಅಕ್ಕನನ್ನು ಊರು 'ಸುಣ್ಣದಕ್ಕ' ಎಂದು ಕರೆಯತೊಡಗಿತ್ತು.

ಮಾಮಾ ಒಳಗಿನಿಂದ ಬಂದರು. ಗುಳಿಗೆಯ ಡಬ್ಬಿಗಳನ್ನು ಯಾದಗಿರಿಯಿಂದ ತರುತ್ತಿದ್ದವರು ಅವರೇ. "ನಾ ಅಸಲಿ ಮಾಲ ತಂದೀನಿ. ಆದ್ರ ಮಂದಿ ಬಾಯಿ ಮುಚ್ಚಾಕ ಆಗ್ತದೇನು? ದುಕಾನ ಮುಚ್ಚಾಕ ಆಗ್ತದ. ಈ ಸುಗ್ಗಿ ಹೋತಂದ್ರ ಮುಗೀತು, ತಗಡ ಕಿತ್ತಿ ದನದ ಕೊಟ್ಟಿಗಿಗೆ ಹಾಕೋದು."

ಅಕ್ಕ ಒರೆಸುವುದನ್ನು ನಿಲ್ಲಿಸಿದಳು. ಆ ಅಂಗಡಿ ಅವಳು ಬೆನ್ನು ಕೊಟ್ಟು ಗಳಿಸಿದ್ದು. ಅದು ಹೋದರೆ ಅವಳಿಗೆ ಉಳಿಯುವುದು ಕೆಟ್ಟ ಬೆನ್ನು ಮತ್ತು ಕೆಟ್ಟ ಹೆಸರು, ಎರಡೇ.

"ಅಕ್ಕಾ" ಎಂದೆ, "ಅವರು ಚೆಲ್ಲಿದ ಗುಳಿಗಿ ಇಟ್ಟೀಯೇನು?"

ಇಟ್ಟಿದ್ದಳು. ನಮ್ಮ ಮನೆತನದಲ್ಲಿ ಯಾವ ಅವಮಾನವನ್ನೂ ಯಾರೂ ಎಸೆಯುವುದಿಲ್ಲ. ಕಾಗದದಲ್ಲಿ ಕಟ್ಟಿಟ್ಟಿದ್ದ ಆ ಗುಳಿಗೆಗಳನ್ನೂ ಅದೇ ಡಬ್ಬಿಯಿಂದ ತೆರೆಯದ ಒಂದು ಪಟ್ಟಿಯನ್ನೂ ತೆಗೆದುಕೊಂಡೆ.

"ನಾ ಕಾಲೇಜಿನಾಗ ಇವನ್ನ ಪರೀಕ್ಷಾ ಮಾಡ್ತೀನಿ. ಆದ್ರ ಮೊದಲ ಹೇಳ್ತೀನಿ, ನಕಲಿ ಅಂತ ಬಂದ್ರ ನಕಲಿ ಅಂತನ ಹೇಳಾಕಿ. ಓಣಿ ತುಂಬ ಹೇಳಾಕಿ."

"ಹೇಳು" ಎಂದಳು ಅಕ್ಕ. "ನಾ ಸುಣ್ಣ ಮಾರಾಕತ್ತೀನಿ ಅಂದ್ರ ನನಗೂ ಗೊತ್ತಾಗ್ಲಿ."

ಮಾಮಾ ಏನೋ ಹೇಳಲು ಬಾಯಿ ತೆರೆದರು. ಬಣ್ಣದ ನೀರಿನ ವಿಷಯವೇ ಇರಬೇಕು. ನಾನು ಅವರನ್ನು ನೋಡಿದೆ. ಬಾಯಿ ಮುಚ್ಚಿಕೊಂಡರು.

ರಜೆಯ ದಿನ ಪ್ರಯೋಗಾಲಯ ತೆರೆಯಲು ಪ್ರಾಂಶುಪಾಲರ ಅಪ್ಪಣೆ ಬೇಕಿತ್ತು. ಕಾರಣ ಕೇಳಿದರು, ಹೇಳಿದೆ. ಕನ್ನಡಕ ತೆಗೆದು ಒರೆಸಿದರು.

"ಗುಳಿಗಿ ಅಸಲಿ ಅದನೋ ನಕಲಿ ಅದನೋ ನುಂಗಿ ನೋಡಿದ್ರ ಗೊತ್ತಾಗಂಗಿಲ್ಲೇನ್ರಿ ಮೇಡಂ? ಅದಕ್ಕ ಅಡಿಗಿಮನಿ ಬೀಗ ಯಾಕ ತೆಗೀಬೇಕು?"

"ಸರ್, ನಿಮಗ ತಲಿನೋವು ಇದ್ರ ಹೇಳ್ರಿ, ನಿಮ್ಮ ಮ್ಯಾಲೇ ನೋಡೋಣ" ಎಂದೆ. ಕೀಲಿಕೈ ಸಿಕ್ಕಿತು.

ಆ ಭಾನುವಾರದ ಬೆಳಗನ್ನು ನಾನು ನನ್ನ ವೃತ್ತಿಜೀವನದ ಅತ್ಯಂತ ಸುಖದ ಹೊತ್ತುಗಳಲ್ಲಿ ಒಂದೆಂದು ಎಣಿಸುತ್ತೇನೆ. ಯಾರೂ ಇಲ್ಲದ ಪ್ರಯೋಗಾಲಯ, ಕಿಟಕಿಯಿಂದ ಬಿದ್ದ ಬಿಸಿಲು, ಉದ್ದಕ್ಕೂ ತೊಳೆದಿಟ್ಟ ಗಾಜಿನ ನಳಿಕೆಗಳು. ಮೊದಲು ಪಟ್ಟಿಯಿಂದ ತೆಗೆದ ಗುಳಿಗೆಯನ್ನು ಪುಡಿ ಮಾಡಿ ಬೆಚ್ಚಗಿನ ಸ್ಪಿರಿಟ್‌ನಲ್ಲಿ ಕಲಕಿದೆ. ಗುಳಿಗೆಯನ್ನು ಗಟ್ಟಿ ಹಿಡಿಯಲು ಸೇರಿಸಿದ ಹಿಟ್ಟು ಕರಗದೆ ತಳದಲ್ಲಿ ಉಳಿಯಿತು. ಅದನ್ನು ಸೋಸಿ, ತಿಳಿಗೆ ತಣ್ಣೀರು ಹಾಕಿ, ಸುಮ್ಮನೆ ಕುಳಿತೆ. ಸ್ವಲ್ಪ ಹೊತ್ತಿಗೆ ತಿಳಿಯೊಳಗೆ ಒಂದು ಬಿಳಿ ಎಳೆ ಕಂಡಿತು, ಅದರ ಪಕ್ಕ ಇನ್ನೊಂದು. ನೋಡನೋಡುತ್ತಿದ್ದಂತೆ ಇಡೀ ಬಟ್ಟಲು ಸೂಜಿಯಂಥ ಹರಳುಗಳಿಂದ ತುಂಬಿತು. ಎಷ್ಟು ಸಲ ನೋಡಿದರೂ ನನಗೆ ಅದು ಹಬ್ಬವೇ. ಹರಳುಗಳನ್ನು ಒಣಗಿಸಿ, ಕೂದಲೆಳೆಯಂಥ ನಳಿಕೆಯಲ್ಲಿ ತುಂಬಿ, ಉಷ್ಣಮಾಪಕಕ್ಕೆ ಕಟ್ಟಿ ಎಣ್ಣೆಯಲ್ಲಿ ಕಾಯಿಸಿದೆ. ಪುಸ್ತಕ ಹೇಳುವ ಶಾಖ ಬಂದಾಗ ಹರಳು ಹಿಂದೆಮುಂದೆ ನೋಡದೆ ಕರಗಿ ನೀರಾಯಿತು. ಶುದ್ಧವಲ್ಲದ ವಸ್ತು ಹಾಗೆ ಕರಗುವುದಿಲ್ಲ. ಮೊದಲು ಮೆತ್ತಗಾಗುತ್ತದೆ, ಕುಸಿಯುತ್ತದೆ, ಬಹಳ ಹೊತ್ತು ಸತಾಯಿಸುತ್ತದೆ.

ಇನ್ನೊಂದು ಪರೀಕ್ಷೆ ಉಳಿದಿತ್ತು. ಫೆರಿಕ್ ಕ್ಲೋರೈಡ್ ಎಂಬ ಹಳದಿ ದ್ರಾವಣದ ಒಂದು ಹನಿ. ಕೆಡದ ಆ್ಯಸ್ಪಿರಿನ್ ನಾಲಿಗೆಗೆ ಹುಳಿ; ಅದಕ್ಕೆ ಈ ಹನಿ ಹಾಕಿದರೆ ಏನೂ ಆಗುವುದಿಲ್ಲ, ನೀರು ತಿಳಿ ಹಳದಿಯಾಗಿಯೇ ಇರುತ್ತದೆ. ಗುಳಿಗೆಯ ಔಷಧ ಒಳಗೇ ಒಡೆದು ಕೆಟ್ಟಿದ್ದರೆ ಮಾತ್ರ ನೇರಳೆ ಬಣ್ಣ ಏಳುತ್ತದೆ. ಪಟ್ಟಿಯ ಗುಳಿಗೆಗೆ ಹನಿ ಹಾಕಿದೆ. ಹಳದಿ. ಅಕ್ಕನ ಮಾಲು ಅಪ್ಪಟ ಅಸಲಿ ಎಂದು ಖಾಲಿ ಕೋಣೆಗೆ ಗಟ್ಟಿಯಾಗಿ ಹೇಳಿದೆ.

ಆಮೇಲೆ ಗುಂಪಿನವರು ಚೆಲ್ಲಿಹೋದ ಗುಳಿಗೆ. ಅದನ್ನು ನೀರಲ್ಲಿ ಕದಡಿ, ಎರಡು ಹನಿ ಆ್ಯಸಿಡ್ ಹಾಕಿದ ಕೂಡಲೇ ಸುಂಯ್ ಎಂದು ಗುಳ್ಳೆ ಎದ್ದವು. ಗಾಳಿಗೆ ಒಣಗಿದ ಸುಣ್ಣ ಹಾಗೆ ಗುಳ್ಳೆ ಬಿಡುತ್ತದೆ. ಹಳದಿ ಹನಿ ಬಿದ್ದದ್ದೇ ತಡ, ನೇರಳೆ ಹಣ್ಣಿನ ರಸದಂಥ ಬಣ್ಣ ತಳದವರೆಗೆ ಇಳಿಯಿತು. ಹೆಂಗಸರು ಸುಳ್ಳು ಹೇಳಿರಲಿಲ್ಲ, ಅಕ್ಕನೂ ಸುಳ್ಳು ಹೇಳಿರಲಿಲ್ಲ. ಪಟ್ಟಿಯಲ್ಲಿದ್ದಾಗ ಇಲ್ಲದ ಸುಣ್ಣ ಬಾಯಿಗೆ ಬೀಳುವಾಗ ಸೇರಿತ್ತು. ನಡುವೆ ಎಲ್ಲಿ?

ಅದನ್ನು ತಿಳಿಯಲು ಮುಂದಿನ ರಜೆಯಲ್ಲಿ ನಳಿಕೆ, ಸೀಸೆಗಳನ್ನು ಸೀರೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಹೊರಟೆ. ಬಸ್ಸಿನ ಕಂಡಕ್ಟರು ಆ ಚೀಲವನ್ನು ಕುರಿಗಳ ಪಕ್ಕದಲ್ಲಿ ಇಡು ಎಂದದ್ದನ್ನು ಹೇಳಿ ಕತೆಯನ್ನು ಲಂಬಿಸುವುದಿಲ್ಲ. ನಾನು ಇಡಲಿಲ್ಲ.

ಗುಂಪು ಕಾಲುವೆಯ ಕೆಳಗಿನ ಗದ್ದೆಯಲ್ಲಿತ್ತು. ನಾನು ಬದುವಿನ ಮೇಲೆ ಕುಳಿತೆ. ನನ್ನನ್ನು ಕಂಡು ಮುಂದಾಳು ಹೆಂಗಸು ಬಗ್ಗಿದಲ್ಲಿಂದಲೇ ತಲೆ ಎತ್ತಿದಳು. ಎತ್ತರದ ಆಳು, ಅಗಲ ಭುಜ, ಎಲೆ ತಿಂದು ಕೆಂಪಾದ ಬಾಯಿ.

"ಏನ ಟೀಚರಬಾಯಿ, ಸಸಿ ಹಚ್ಚಾಕ ಬಂದೀರೇನ್ರಿ?"

"ನೋಡಾಕ ಬಂದೀನಿ."

"ನೋಡಾಕ ಕೂಲಿ ಇಲ್ರಿ" ಎಂದಳು. ಸಾಲಿಗೆ ಸಾಲೇ ನಕ್ಕಿತು. ಹಿಂದಿನಿಂದ ಇನ್ನೊಬ್ಬಳು, "ಅಕ್ಕನ ಪರ ಸಾಕ್ಷಿ ಹೇಳಾಕ ತಂಗಿ ಬಂದಾಳ ತಗೋ" ಎಂದಳು. ಅದು ನನಗೆ ಕೇಳಲೆಂದೇ ಹೇಳಿದ್ದು, ನಾನೂ ಕೇಳಿಸಿಕೊಂಡೆ.

ಊಟದ ಹೊತ್ತಿಗೆ ಎಲ್ಲರೂ ಬದುವಿಗೆ ಬಂದರು. ರೊಟ್ಟಿ, ಪುಂಡಿಪಲ್ಲೆ ತಿಂದರು. ಆಮೇಲೆ ಮುಂದಾಳು ಸೊಂಟದ ಸಂಚಿಯಿಂದ ಒಂದು ತಗಡಿನ ಡಬ್ಬಿ ತೆಗೆದಳು. ನಮ್ಮ ಕಡೆ ಎಲೆ ಹಾಕುವವರ ಬಳಿ ಇರುವಂಥದೇ: ಒಂದು ಮುಚ್ಚಳ, ಒಳಗೆ ನಡುವೆ ಒಂದು ತೆಳು ತಗಡು, ಒಂದು ಕಡೆ ಸುಣ್ಣ, ಇನ್ನೊಂದು ಕಡೆ ತಂಬಾಕು. ಅವಳು ಎಲೆಗೆ ಸುಣ್ಣ ಸವರಿದಳು. ಅದೇ ಬೆರಳಿನಿಂದ ತಂಬಾಕಿನ ಮನೆಗೆ ಕೈ ಹಾಕಿ ಈ ಸಲ ಕಕ್ಕೇರಾದಿಂದ ತರಿಸಿಕೊಂಡಿದ್ದ ಬಿಳಿಯ ಗುಳಿಗೆ ತೆಗೆದು ಸೆರಗಿಗೆ ಒರೆಸಿ ನುಂಗಿದಳು. ಪಕ್ಕದವಳೂ ಹಾಗೆಯೇ ಮಾಡಿದಳು, ಅವಳ ಪಕ್ಕದವಳೂ.

ಮುಖದಲ್ಲಿ ಏನೂ ತೋರಿಸದೆ ಕೇಳಿದೆ: "ಗುಳಿಗಿ ಪಟ್ಟೀ ಸಮೇತ ಯಾಕ ಇಟ್ಟುಕೊಳ್ಳಂಗಿಲ್ರಿ?"

"ಪಟ್ಟಿ ಚುಚ್ಚತಾದ್ರಿ. ದಿನಾ ಬಗ್ಗಿ ಬಗ್ಗಿ ನೋಡ್ರಿ, ಅವಾಗ ಗೊತ್ತಾಗ್ತದ. ಸಂಚಿಯೊಳಗ ಬಿಚ್ಚಿಟ್ರ ನೀರು ಹೊಕ್ಕು ಅಂಬಲಿ ಆಗ್ತಾವ. ನೀರು ಹೋಗಲಾರದ್ದು ಅಂದ್ರ ಇದೊಂದ ಡಬ್ಬಿ. ಮಳಿಗಾಲದಾಗ ತಂಬಾಕ ಬ್ಯಾರೆ ಕಡಿ ಕಟ್ಕೊಂಡು ಗುಳಿಗಿಗೆ ಈ ಮನಿ ಖಾಲಿ ಮಾಡಿ ಕೊಟ್ಟೀವಿ."

"ಬಾಜೂಕ ಸುಣ್ಣ ಅದಲ್ಲ?"

"ನಡುವ ಗ್ವಾಡಿ ಅದಲ್ರಿ!" ಎಂದು ಡಬ್ಬಿ ನನ್ನ ಮೂಗಿನವರೆಗೆ ತಂದು ತೋರಿಸಿದಳು. ಇಷ್ಟೂ ಕಾಣದ ಹೆಂಗಸು ಕಾಲೇಜಿನಲ್ಲಿ ಏನು ಕಲಿಸುತ್ತಾಳೋ ಎಂಬ ಮುಖಭಾವ.

ಅಲ್ಲಿ ವಾದಿಸಲಿಲ್ಲ. ಸಂಜೆ ಕೆಲಸ ಬಿಟ್ಟ ಮೇಲೆ ಅಂಗಡಿಗೆ ಬನ್ನಿ, ಎಲ್ಲರ ಎದುರಿಗೆ ಗುಳಿಗೆ ಪರೀಕ್ಷೆ ಮಾಡುತ್ತೇನೆ, ನಕಲಿ ಎಂದಾದರೆ ಅಂಗಡಿಯ ತಗಡನ್ನು ನೀವೇ ಕೀಳಿ ಎಂದೆ. ತಗಡು ಕೀಳುವ ಮಾತಿಗೆ ಎಲ್ಲರೂ ಒಪ್ಪಿದರು.

ಸಂಜೆ ಬಿಸಿಲು ಇನ್ನೂ ಇರುವಾಗಲೇ ಬಂದರು, ಕಾಲಿನ ಕೆಸರೂ ತೊಳೆಯದೆ. ಆದರೆ ಕಟ್ಟೆಯ ಮೇಲೆ ಯಾರೂ ಕೂಡಲಿಲ್ಲ, ನಿಂತೇ ಇದ್ದರು. ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಮಾಮಾ ಚಹಾದ ಒಲೆಯ ಹಿಂದೆ ಸುರಕ್ಷಿತವಾಗಿ ಕುಳಿತಿದ್ದರು.

ಮುಂದಾಳಿನ ಡಬ್ಬಿಯಿಂದಲೇ ಒಂದು ಗುಳಿಗೆ ಕೇಳಿ ತೆಗೆದುಕೊಂಡು ನೀರಲ್ಲಿ ಕದಡಿದೆ. ಆ್ಯಸಿಡ್ ಹನಿ, ಗುಳ್ಳೆ. ಹಳದಿ ಹನಿ. ನೇರಳೆ ಬಣ್ಣ ಇಳಿಬಿಸಿಲಿನಲ್ಲಿ ಹೊಳೆಯುತ್ತ ತುಂಬಿತು.

"ಯವ್ವಾ! ಎಷ್ಟು ಚಂದ ಅದ ನೋಡೇ!"

"ಪೀತಾಂಬರದ ಅಂಚು ಇದ್ದಂಗ ಅದ!"

"ನಮ್ಮ ಗುಳಿಗ್ಯಾಗ ಇಷ್ಟು ಜೋರ ಅದ ಅಂದಂಗಾತು!"

ಆಮೇಲೆ ಅಂಗಡಿಯ ಹೊಸ ಪಟ್ಟಿಯನ್ನು ಮುಂದಾಳಿನ ಕೈಗೇ ಕೊಟ್ಟು ಹರಿಸಿ, ಆ ಗುಳಿಗೆಗೂ ಹಾಗೆಯೇ ಮಾಡಿದೆ. ಹಳದಿ. ಎಲ್ಲರೂ ಕಾದರು. ಹಳದಿಯೇ.

"ಇದರಾಗ ಏನೂ ಇಲ್ಲ!" ಎಂದು ಒಬ್ಬಳು ಕೂಗಿದಳು. "ಖಾಲಿ ನೀರು! ಈ ಹೊಸ ಮಾಲ ಸುಳ್ಳ ಮಾಲ!"

"ನಾ ಹೇಳಿದ್ದಿಲ್ಲೇನು?" ಎಂದಳು ಗದ್ದೆಯಲ್ಲಿ ಸಾಕ್ಷಿಯ ಮಾತಾಡಿದ್ದವಳು. ಯಾರೋ ತಗಡಿನ ಮೇಲೆ ಕೈಯಿಂದ ಬಡಿದು ಸದ್ದು ಮಾಡಿದರು. ಒಲೆಯ ಹಿಂದಿನಿಂದ ಮಾಮಾ ಸಣ್ಣ ದನಿಯಲ್ಲಿ, "ತಂಗಿ ಬಂದು ದುಕಾನ ಮುಚ್ಚಿಸಿಹೋದ್ಳು ನೋಡು" ಎಂದರು. ಸಣ್ಣ ದನಿಯಾದರೇನು, ಕೇಳಿಸಿತು.

ಬಣ್ಣ ಬರುವುದೇ ಕೆಟ್ಟದ್ದರ ಗುರುತು ಎಂಬುದನ್ನು ನಾನು ಮೂರು ರೀತಿಯಲ್ಲಿ ವಿವರಿಸಿದೆ. ಯಾರೂ ನಂಬಲಿಲ್ಲ. ನಂಬುವುದಾದರೂ ಹೇಗೆ? ಅಷ್ಟು ಚೆಲುವಾದ ಬಣ್ಣ ಕೆಡುಕಿನದು, ಈ ಬಡ ಹಳದಿ ಒಳ್ಳೆಯದು ಎಂದರೆ, ಅಕ್ಕನ ತಂಗಿ ಹಾಗಲ್ಲದೆ ಇನ್ನು ಹೇಗೆ ಹೇಳುತ್ತಾಳೆ? ಮಾತು ಬಿಟ್ಟು, ಅದೇ ಹೊಸ ಪಟ್ಟಿಯಿಂದ ಇನ್ನೊಂದು ಗುಳಿಗೆಯನ್ನು ಮುಂದಾಳಿನ ಕೈಯಲ್ಲೇ ಎರಡು ತುಂಡು ಮಾಡಿಸಿದೆ.

"ಒಂದು ತುಂಡು ಈ ನಳಿಕ್ಯಾಗ ಹಾಕ್ರಿ, ನೀರಷ್ಟ. ಇನ್ನೊಂದು ಆ ನಳಿಕ್ಯಾಗ, ನಿಮ್ಮ ಡಬ್ಬಿ ಸುಣ್ಣ ಕೂಡಿಸಿ. ನಾ ಮುಟ್ಟಂಗಿಲ್ಲ."

ಅವಳು ಹಾಕಿದಳು. ಆಮೇಲೆ ನನ್ನನ್ನೇ ದಿಟ್ಟಿಸಿ ನೋಡಿ, "ನಿಲ್ರಿ. ಬಣ್ಣ ಸುಣ್ಣದ್ದ ಇದ್ರ? ಬರೇ ಸುಣ್ಣ ಒಂದ್ರಾಗ ಹಾಕೋಣ" ಎಂದಳು.

ನನ್ನ ವಿದ್ಯಾರ್ಥಿಗಳಲ್ಲಿ ಯಾರೂ ಎಂದೂ ಕೇಳದ ಪ್ರಶ್ನೆ ಅದು. ಅವಳ ಮೇಲಿದ್ದ ನನ್ನ ಸಿಟ್ಟಿನ ಒಂದು ಪಾಲು ಅಲ್ಲಿಯೇ ಕರಗಿತು. ಉಳಿದ ಪಾಲು ಉಳಿಯಿತು.

ಮೂರು ನಳಿಕೆಗಳನ್ನೂ ಚಹಾದ ಒಲೆಯ ಮೇಲಿನ ಬಿಸಿನೀರಿನಲ್ಲಿ ನಿಲ್ಲಿಸಿದೆವು. ಮಾಮಾ ಬೆಂಕಿ ಊದಿದರು. ಹೆಂಗಸರು ಒಬ್ಬರ ಹೆಗಲ ಮೇಲಿಂದ ಒಬ್ಬರು ಬಗ್ಗಿ ನಳಿಕೆಗಳನ್ನೇ ನೋಡಿದರು. ತಣಿದ ಮೇಲೆ ಮೂರಕ್ಕೂ ಆ್ಯಸಿಡ್ ಹಾಕಿದೆ. ಹಳದಿ ಹನಿಯ ಸೀಸೆಯನ್ನು ಮುಂದಾಳಿಗೆ ಕೊಟ್ಟೆ.

ಬರೀ ಸುಣ್ಣಕ್ಕೆ ಹನಿ ಹಾಕಿದಳು. ಹಳದಿ.

ಬರೀ ಗುಳಿಗೆಗೆ ಹಾಕಿದಳು. ಕಣ್ಣಿಗೆ ಬೀಳದಷ್ಟು ಛಾಯೆ, ಹಳದಿಯೇ ಎನ್ನಬೇಕು.

ಸುಣ್ಣ ಕೂಡಿದ ಗುಳಿಗೆಗೆ ಹಾಕಿದಳು. ನೇರಳೆ ಬಣ್ಣ ಎದ್ದು ನಳಿಕೆಯ ತುಂಬ ನಿಂತಿತು.

ಅವಳು ನಳಿಕೆಯನ್ನು ಬಿಸಿಲಿಗೆ ಹಿಡಿದು ನೋಡಿದಳು. ತನ್ನ ಡಬ್ಬಿಯನ್ನು ತೆರೆದು ನೋಡಿದಳು. ನಡುವಿನ ತಗಡು ಮುಚ್ಚಳದವರೆಗೆ ತಲುಪಿರಲಿಲ್ಲ. ಎರಡೂ ಮನೆಗಳ ಅಂಚಿಗೆ, ಮುಚ್ಚಳದ ಒಳಮೈಗೆ, ಎಲ್ಲೆಲ್ಲೂ ಸುಣ್ಣದ ಬೆರಳ ಗುರುತು. ಆಮೇಲೆ ತನ್ನ ಬೆರಳನ್ನೂ ನೋಡಿಕೊಂಡಳು.

"ಏ ಕೇಳ್ರಿ ಇಲ್ಲಿ" ಎಂದಳು ಗುಂಪಿಗೆ. "ಅಣ್ಣತಮ್ಮರು ಬ್ಯಾರೆ ಆಗಿ ನಡುವ ಗ್ವಾಡಿ ಹಾಕ್ಯಾರ. ಛತ್ತ ಒಂದ ಅದ. ಒಬ್ಬಾಂವನ ಮನಿ ಹೊಗಿ ಇನ್ನೊಬ್ಬಾಂವನ ಕಣ್ಣಾಗ ಹೋಗಲಾರದ ಇರ್ತದೇನು?"

"ಅಂದ್ರ ಇಷ್ಟು ದಿನ ನಾವು ಎಲಿ ಬಿಟ್ಟು ಗುಳಿಗಿಗೆ ಸುಣ್ಣ ಹಚ್ಚಿ ತಿಂದೀವೇನು?"

"ಅಡಿಕಿ ಒಂದ ಕಮ್ಮಿ ಬಿದ್ದದ ನೋಡು, ಇಲ್ಲಾಂದ್ರ ಬಾಯಿನೂ ಕೆಂಪಾಗ್ತಿತ್ತು!"

ನಗೆ ಒಡೆಯಿತು. ಒಬ್ಬಳು ನಕ್ಕು ನಕ್ಕು ಸೊಂಟ ಹಿಡಿದುಕೊಂಡು ಕಟ್ಟೆಯ ಮೇಲೆ ಕುಸಿದಳು. ಅವಳನ್ನು ನೋಡಿ ಇನ್ನಿಬ್ಬರು ಕುಳಿತರು. ಕೆಸರುಗಾಲುಗಳು ಕಟ್ಟೆಯ ತುಂಬ ಹರಡಿಕೊಂಡವು. ಅಕ್ಕ ಚೌಕಟ್ಟು ಬಿಟ್ಟು ಒಳಗೆ ಹೋಗಿ ಚಹಾದ ಪುಡಿಯ ಡಬ್ಬಿಯನ್ನು ತೆಗೆದಳು. ಬೆನ್ನು ನಮ್ಮ ಕಡೆಗಿತ್ತು. ಕಣ್ಣು ಒರೆಸಿಕೊಳ್ಳುತ್ತಿದ್ದಾಳೆಂದು ನನಗೆ ಗೊತ್ತಾಯಿತು, ಬೇರೆ ಯಾರಿಗೂ ಗೊತ್ತಾಗದಂತೆ ನಾನು ಅಡ್ಡ ನಿಂತೆ.

ಮುಂದಾಳು ಬಾಗಿಲಿಗೆ ಬಂದಳು. "ಯಕ್ಕಾ, ಸುಣ್ಣದಕ್ಕ ಅಂತ ಕರದೀವಿ. ಈಗ ಏನಂತ ಕರೀಬೇಕು?"

"ಮೊದಲು ಏನಂತ ಕರೀತಿದ್ದಿ?"

"ಅಕ್ಕಾ ಅಂತಿದ್ದೆ."

"ಈಗೇನು ನಾ ಸಣ್ಣಾಕಿ ಆಗೀನೇನು? ಕೂಡು, ಚಾ ಆಗ್ತದ."

ಅಷ್ಟೇ. ತಪ್ಪಾಯಿತು ಎಂಬ ಒಂದು ಮಾತನ್ನು ಯಾರೂ ಆಡಲಿಲ್ಲ, ಅಕ್ಕ ಕೇಳಲೂ ಇಲ್ಲ. ನಾನು ಕೇಳಬೇಕೆಂದು ಎದ್ದೆ; ಅಕ್ಕ ನನ್ನ ಕೈಗೆ ಚಹಾದ ಲೋಟಗಳ ತಟ್ಟೆ ಕೊಟ್ಟು, "ಮೊದಲು ಇದು ಹಂಚು" ಎಂದಳು. ಹಂಚಿದೆ. ಅವಳು ಒಂದು ಗಳಿಗೆಯಲ್ಲಿ ಮರೆತದ್ದನ್ನು ಅವಳ ಪರವಾಗಿ ನಾನು ಈವರೆಗೆ ನೆನಪಿಟ್ಟಿದ್ದೇನೆ. ಮಾಮಾ ಮಾತ್ರ ನನ್ನ ಲೋಟಕ್ಕೆ ಇನ್ನಷ್ಟು ಸಕ್ಕರೆ ಹಾಕಿ, "ಬಣ್ಣದ ನೀರು ಕಲಸೋದೂ ಒಂದು ಹುನ್ನರ ಅದ ಬಿಡ್ರಿ" ಎಂದರು. ಹುನ್ನರವೆಂದರೆ ನಮ್ಮ ಕಡೆ ಕಸುಬಿನ ಜಾಣ್ಮೆ. ಅದನ್ನು ಕ್ಷಮೆಯೆಂದು ಸ್ವೀಕರಿಸಬೇಕೋ ಬೇಡವೋ ಎಂದು ನಾನಿನ್ನೂ ತೀರ್ಮಾನಿಸಿಲ್ಲ.

ಮರುದಿನದಿಂದ ಗುಂಪಿನಲ್ಲಿ ಹೊಸ ಪದ್ಧತಿ ಶುರುವಾಯಿತು. ಗುಳಿಗೆಯನ್ನು ಯಾರೂ ಸೊಂಟದಲ್ಲಿ ಇಟ್ಟುಕೊಳ್ಳುವಂತಿಲ್ಲ. ಅಕ್ಕ ಊಟದ ಹೊತ್ತಿಗೆ ಅಂಗಡಿಯನ್ನು ಮಾಮಾನಿಗೆ ಒಪ್ಪಿಸಿ, ಪಟ್ಟಿಯನ್ನೂ ಕುಡಿಯುವ ನೀರಿನ ಕೊಡವನ್ನೂ ಹೊತ್ತು ಬದುವಿಗೇ ಹೋಗುತ್ತಿದ್ದಳು. ಉಂಡವರಿಗೆ ಮಾತ್ರ ಗುಳಿಗೆ, ಖಾಲಿ ಹೊಟ್ಟೆಯವರಿಗೆ ಬೈಗುಳ.

ನಾಟಿಯ ಕೊನೆಯ ದಿನ ಅವಳ ಜೊತೆ ನಾನೂ ಹೋಗಿದ್ದೆ. ಗದ್ದೆಯಲ್ಲಿ ಒಂದು ಮೂಲೆ ಮಾತ್ರ ಉಳಿದಿತ್ತು. ಅದನ್ನು ಅಕ್ಕನೇ ಹಚ್ಚಬೇಕೆಂದು ಗುಂಪು ಹಟ ಹಿಡಿಯಿತು. ಬೇಡ ಬೇಡ ಎನ್ನುತ್ತಿದ್ದವಳನ್ನು ಇಬ್ಬರು ರಟ್ಟೆ ಹಿಡಿದು ಕೆಸರಿಗೆ ಇಳಿಸಿದರು. ಅಕ್ಕ ಸೀರೆ ಮೇಲಕ್ಕೆ ಕಟ್ಟಿ ಬಗ್ಗಿದಳು. ಅವಳ ಕೈ ಮರೆತಿರಲಿಲ್ಲ. ಸಸಿಗಳು ನೇರ ಸಾಲಿನಲ್ಲಿ ನಿಂತವು. ಎಲ್ಲರೂ ಕೇಕೆ ಹಾಕುತ್ತಿದ್ದರು. ಕೊನೆಯ ಸಸಿ ಊರಿ ನೆಟ್ಟಗಾಗಲು ಹೋದವಳು ಅರ್ಧಕ್ಕೇ ನಿಂತು, "ಅಯ್ಯೋ ನನ್ನ ಬೆನ್ನ! ಹಿಡೀರೇ ಯಾರರ!" ಎಂದಳು.

ಮುಂದಾಳು ಅವಳನ್ನು ಬದುವಿಗೆ ತಂದು ಕೂರಿಸಿ, ಕೊನೆಯ ದಿನಕ್ಕೆಂದು ಮಾಡಿ ತಂದಿದ್ದ ಹೋಳಿಗೆಯನ್ನು ತಾನೇ ಮುರಿದು ತಿನ್ನಿಸಿದಳು. ಆಮೇಲೆ ಅಕ್ಕ ತಂದಿದ್ದ ಪಟ್ಟಿಯಿಂದ ಒಂದು ಗುಳಿಗೆ ಒತ್ತಿ ತೆಗೆದು, ನೀರಿನ ತಂಬಿಗೆಯ ಜೊತೆ ಮುಂದೆ ಹಿಡಿದಳು.

"ತಗೋ ಅಕ್ಕಾ."

ಎಲ್ಲರೂ ನೋಡುತ್ತಿದ್ದರು. ಅಕ್ಕ ಗುಳಿಗೆಯನ್ನು ಕೂಡಲೇ ನುಂಗಲಿಲ್ಲ. ನಾಲಿಗೆಯ ಮೇಲೆ ಇಟ್ಟುಕೊಂಡು, ಕಣ್ಣು ಮುಚ್ಚಿ, ಹೊಸ ಉಪ್ಪಿನಕಾಯಿಯ ರುಚಿ ನೋಡುವವಳಂತೆ ಚಪ್ಪರಿಸಿದಳು.

"ಹ್ಯಾಂಗದ?" ಎಂದಳು ಮುಂದಾಳು.

"ಹುಳಿ ಅದ" ಎಂದು ಅಕ್ಕ ಮುಖ ಕಿವುಚಿದಳು. "ನೀರು ಕೊಡಲೇ ಲಗೂನ!"